ಕೊರಿಯಾದ ಚೀನೀ ನೂಡಲ್ಸ್ ಹೋಟೆಲ್‌ನಲ್ಲಿ ಊಟ: ಬಾಗಿಲಿಂದ ಬಿಲ್‌ವರೆಗೆ

ಬೆಂಗಳೂರಿಂದ ಕೆಲಸದ ಮೇಲೆ ಸುವಾನ್‌ಗೋ ಸೋಲ್‌ಗೋ ಬರುವ ನಮ್ಮವರು ಮೊದಲ ವಾರದಲ್ಲೇ ಒಮ್ಮೆ ಜಾಜಾಂಗ್‌ಮ್ಯೊನ್ ತಿನ್ನಲು ಹೋಗುತ್ತಾರೆ. ಕೊರಿಯನ್ ಧಾರಾವಾಹಿಗಳಲ್ಲಿ ಹೊಸ ಮನೆಗೆ ಸಾಮಾನು ಇಳಿಸಿದ ದಿನ ಎಲ್ಲರೂ ನೆಲದ ಮೇಲೆ ಕೂತು ಸುರ್ರನೆ ಎಳೆದು ತಿನ್ನುತ್ತಾರಲ್ಲ, ಅದೇ ಕಪ್ಪು ನೂಡಲ್ಸ್. ಮರುದಿನ ಹೇಗಿತ್ತು ಎಂದು ಕೇಳಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ ಥರ. ‘ಮುದ್ದೆ ಆಗಿಬಿಟ್ಟಿತ್ತು.’ ‘ಕೊನೆಗೆ ಬರೀ ನೀರು.’ ‘ಹಂದಿ ಮಾಂಸ ಇದೆ ಅಂತ ಅರ್ಧ ತಿಂದ ಮೇಲೆ ಗೊತ್ತಾಯ್ತು.’

ಇದರಲ್ಲಿ ಅಡುಗೆಯವರ ತಪ್ಪು ಕಡಿಮೆ. ತಿನ್ನಲು ಹೋದವರು ಹಿಂದಿನದು ಮುಂದೆ, ಮುಂದಿನದು ಹಿಂದೆ ಮಾಡಿರುತ್ತಾರೆ. ಬಟ್ಟಲು ಟೇಬಲ್‌ಗೆ ಬಂದ ಮೇಲೆ ಈ ನೂಡಲ್ಸ್ ಯಾರಿಗೂ ಕಾಯುವುದಿಲ್ಲ. ಕೇಳುವುದು, ಆರಿಸುವುದು, ಹಂಚಿಕೊಳ್ಳುವುದು ಎಲ್ಲ ಅದಕ್ಕೆ ಮುಂಚೆಯೇ ಮುಗಿದಿರಬೇಕು. ಕೆಳಗಿನ ಹಂತಗಳನ್ನು ಆ ಲೆಕ್ಕದಲ್ಲೇ ಜೋಡಿಸಿದ್ದೇನೆ.

ಜೊತೆಗೆ ಇರಬೇಕಾದದ್ದು

ಫೋನಿನಲ್ಲಿ ನೇವರ್ ಮ್ಯಾಪ್ ಮತ್ತು ಪಪಾಗೊ ಹಾಕಿಕೊಳ್ಳಿ. ಕೊರಿಯಾದಲ್ಲಿ ದಾರಿ ಹುಡುಕಲು ಗೂಗಲ್ ಮ್ಯಾಪ್ಸ್ ಒಂದನ್ನೇ ನಂಬಿದರೆ ಗಲ್ಲಿಗಳಲ್ಲಿ ಕೈಕೊಡುತ್ತದೆ. ಪಪಾಗೊದ ಕ್ಯಾಮೆರಾ ಗೋಡೆಯ ಮೇಲಿನ ಮೆನುವನ್ನು ಅಲ್ಲೇ ಅನುವಾದ ಮಾಡಿ ತೋರಿಸುತ್ತದೆ.

ಕಾರ್ಡ್ ಬಹುತೇಕ ಎಲ್ಲ ಕಡೆ ನಡೆಯುತ್ತದೆ. ಆದರೆ ಆರ್ಡರ್ ಮಾಡುವ ಕೆಲವು ಮಷೀನುಗಳು ವಿದೇಶಿ ಕಾರ್ಡ್ ತೆಗೆದುಕೊಳ್ಳದೆ ಹಟ ಹಿಡಿಯುತ್ತವೆ. 20,000 ವೊನ್ ನಗದು ಜೇಬಿನಲ್ಲಿರಲಿ. ಸದ್ಯಕ್ಕೆ ಸಾಧಾರಣ ಹೋಟೆಲ್‌ನಲ್ಲಿ ಒಂದು ಜಾಜಾಂಗ್‌ಮ್ಯೊನ್‌ಗೆ ಸುಮಾರು 7,000ದಿಂದ 8,000 ವೊನ್, ಖಾರದ ಸಾರಿನ ನೂಡಲ್ಸ್ ಜಾಂಪ್ಪೊಂಗ್‌ಗೆ ಅದಕ್ಕಿಂತ ಸ್ವಲ್ಪ ಜಾಸ್ತಿ.

ಬಿಳಿ ಅಂಗಿ ಬೇಡ. ಉದ್ದ ಕೂದಲಿದ್ದರೆ ಒಂದು ರಬ್ಬರ್ ಬ್ಯಾಂಡ್ ಇರಲಿ.

ಹಂತ 1: ಸರಿಯಾದ ಹೋಟೆಲ್ ಹುಡುಕುವುದು

ಮೊದಲ ತಪ್ಪು ಬಾಗಿಲಲ್ಲೇ ಆಗುತ್ತದೆ. ಕೊರಿಯಾದಲ್ಲಿ ‘ಚೈನೀಸ್’ ಎಂದರೆ ಎರಡು ಬೇರೆ ಬೇರೆ ಜಾತಿ. ಒಂದು, ಮಾಲಾ ಎಂಬ ಖಾರದ ಸೂಪ್, ಕುರಿ ಮಾಂಸದ ಕಡ್ಡಿ ಕಬಾಬ್ ಮಾರುವ ಹೊಸ ಕಾಲದ ಚೀನೀ ಅಂಗಡಿ. ಇನ್ನೊಂದು, ಕೊರಿಯನ್ನರು ‘ಜುಂಗುಕ್‌ಜಿಪ್’ ಎಂದು ಕರೆಯುವ ಹಳೇ ಥರದ ನೂಡಲ್ಸ್ ಹೋಟೆಲ್. ನಮಗೆ ಬೇಕಾದದ್ದು ಎರಡನೆಯದು. ಗೋಬಿ ಮಂಚೂರಿ ಹೇಗೆ ಚೀನಾದ್ದಲ್ಲವೋ ಹಾಗೆಯೇ ಇಲ್ಲಿನ ಅಡುಗೆಯೂ ಕೊರಿಯಾದಲ್ಲೇ ಪಳಗಿದ್ದು.

ಗುರುತು ಹಿಡಿಯುವುದು ಸುಲಭ. ಹೆಸರಿನ ಕೊನೆಯಲ್ಲಿ ‘ಬಾನ್‌ಜಮ್’, ‘ಗಾಕ್’, ‘ರು’ ಎಂಬ ಪದಗಳು ಬರುತ್ತವೆ. ಬೋರ್ಡಿನಲ್ಲಿ ಕೆಂಪು ಬಣ್ಣ ಜಾಸ್ತಿ. ಎಲ್ಲಕ್ಕಿಂತ ಗಟ್ಟಿ ಗುರುತು ಮೆನು: ಜಾಜಾಂಗ್‌ಮ್ಯೊನ್, ಜಾಂಪ್ಪೊಂಗ್, ಕರಿದ ಹಂದಿ ಮಾಂಸದ ಟಾಂಗ್‌ಸುಯುಕ್ ಮೂರೂ ಇರಲೇಬೇಕು. ಮೂರರಲ್ಲಿ ಒಂದಿಲ್ಲ ಎಂದರೂ ನೀವು ಬೇರೆ ಕಡೆ ಬಂದಿದ್ದೀರಿ.

ಪ್ರವಾಸಕ್ಕೆ ಬಂದವರು ಇಂಚಾನ್‌ನ ಚೈನಾಟೌನ್‌ಗೆ ಹೋಗುತ್ತಾರೆ. ಸಬ್‌ವೇಯ 1ನೇ ಲೈನ್‌ನ ಕೊನೆಯ ನಿಲ್ದಾಣ ಇಂಚಾನ್, ಇಳಿದು ಹೊರಗೆ ಬಂದರೆ ಎದುರಿಗೇ ದೊಡ್ಡ ಕಮಾನು. ಅಲ್ಲಿ ಜಾಜಾಂಗ್‌ಮ್ಯೊನ್ ಮ್ಯೂಸಿಯಂ ಕೂಡ ಇದೆ. ಬುಸಾನ್‌ನಲ್ಲಿ ರೈಲ್ವೆ ನಿಲ್ದಾಣದ ಎದುರು ಭಾಗದಲ್ಲೇ ಇಂಥ ಬೀದಿ ಸಿಗುತ್ತದೆ. ಸೋಲ್‌ನಲ್ಲಾದರೆ ಯೊನ್ಹಿ-ದೊಂಗ್, ಯೊನ್ನಾಮ್-ದೊಂಗ್ ಕಡೆ ಹಳೇ ಹೋಟೆಲ್‌ಗಳಿವೆ. ಆದರೆ ಮೊದಲ ಸಲಕ್ಕೆ ನನ್ನ ಸಲಹೆ ನಿಮ್ಮ ಆಫೀಸಿನ ಪಕ್ಕದ ಗಲ್ಲಿಯ ಹೋಟೆಲ್. ಕ್ಯೂ ಇರಲ್ಲ, ಹಿಂದೆ ನಿಂತು ಯಾರೂ ಅವಸರ ಮಾಡಲ್ಲ.

ಸಮಯ ನೋಡಿಕೊಳ್ಳಿ. ಮಧ್ಯಾಹ್ನ 12ರಿಂದ 1ರವರೆಗೆ ಆಫೀಸಿನ ಜನ ಮುಗಿಬೀಳುತ್ತಾರೆ. ಬಹಳ ಕಡೆ 3ರಿಂದ 5ರವರೆಗೆ ಅಡುಗೆಮನೆಗೆ ವಿರಾಮ. 11:30 ಅಥವಾ 1:30 ಹೊಸಬರಿಗೆ ಒಳ್ಳೆಯ ಹೊತ್ತು.

ಹಂತ 2: ಒಳಗೆ ಕಾಲಿಟ್ಟ ಮೇಲೆ

ಎಷ್ಟು ಜನ ಎಂದು ಬೆರಳು ತೋರಿಸಿ, ಅವರು ಹೇಳಿದಲ್ಲಿ ಕೂರಿ. ಕೂತ ತಕ್ಷಣ ಮೂರು ವಸ್ತು ಎಲ್ಲಿವೆ ಎಂದು ಕಣ್ಣಲ್ಲೇ ಹುಡುಕಿ: ತಿನ್ನುವ ಕಡ್ಡಿ (ಚಾಪ್‌ಸ್ಟಿಕ್)–ಚಮಚ, ನೀರು, ಕರೆಯುವ ಗಂಟೆ. ಕಡ್ಡಿಗಳು ಟೇಬಲ್‌ನ ಪಕ್ಕದ ಡ್ರಾಯರ್‌ನಲ್ಲಿ ಅಡಗಿರುತ್ತವೆ. ಹೊಸಬರು ಊಟ ಬಂದ ಮೇಲೆ ಕಡ್ಡಿ ಹುಡುಕಲು ಶುರು ಮಾಡುತ್ತಾರೆ, ನೂಡಲ್ಸ್ ಅಷ್ಟರಲ್ಲಿ ಅಂಟಿಕೊಳ್ಳುತ್ತದೆ.

ನೀರು ಬಹಳ ಕಡೆ ನಾವೇ ತಂದುಕೊಳ್ಳಬೇಕು. ಗಂಟೆ ಇಲ್ಲದಿದ್ದರೆ ‘ಯೊಗಿಯೊ!’ ಎಂದು ಸ್ವಲ್ಪ ಗಟ್ಟಿಯಾಗಿಯೇ ಕರೆಯಿರಿ. ‘ಇಲ್ಲಿ ನೋಡಿ’ ಎಂಬ ಅರ್ಥ. ನಮಗೆ ಮುಜುಗರ ಅನ್ನಿಸುತ್ತದೆ, ಆದರೆ ಅಲ್ಲಿ ಅದೇ ಪದ್ಧತಿ. ಸುಮ್ನೆ ಕೈ ಎತ್ತಿ ಕಾಯುತ್ತಾ ಕೂತರೆ ಕೂತೇ ಇರುತ್ತೀರಿ.

ಹಂತ 3: ತಿನ್ನದ್ದು ಏನು ಎಂಬುದನ್ನು ಮೊದಲು ಇತ್ಯರ್ಥ ಮಾಡಿ

ನಮ್ಮವರು ಅತಿ ಹೆಚ್ಚು ಎಡವುವುದು ಇಲ್ಲೇ. ಮೆನು ನೋಡಿ ಆಸೆಪಟ್ಟು, ಆರ್ಡರ್ ಮಾಡಿ, ಆಮೇಲೆ ‘ಇದರಲ್ಲಿ ಏನಿದೆ’ ಎಂದು ಕೇಳುತ್ತಾರೆ. ಕ್ರಮ ತಿರುಗಾಮುರುಗಾ.

ಮೊದಲು ಕಹಿ ಸುದ್ದಿ. ಮಾಮೂಲಿ ಜಾಜಾಂಗ್‌ಮ್ಯೊನ್‌ನ ಕಪ್ಪು ಗೊಜ್ಜಿನಲ್ಲಿ ಹಂದಿ ಮಾಂಸದ ಸಣ್ಣ ತುಂಡುಗಳಿರುತ್ತವೆ. ಜಾಂಪ್ಪೊಂಗ್‌ನಲ್ಲಿ ಸಿಗಡಿ, ಬೊಂಡಾಸ್, ಚಿಪ್ಪಿನ ಪಚ್ಚಿಲೆ ಇರುತ್ತವೆ. ಹಂದಿ ಮಾಂಸವೂ ಇರಬಹುದು, ಸಾರು ಮೂಳೆಯದ್ದಾಗಿರಬಹುದು. ಟಾಂಗ್‌ಸುಯುಕ್ ಎಂದರೆ ಕರಿದ ಹಂದಿ ಮಾಂಸವೇ. ಹೆಸರಿನಲ್ಲಿ ‘ಚಾದೊಲ್’ ಇದ್ದರೆ ದನದ ಮಾಂಸ. ಫ್ರೈಡ್ ರೈಸ್‌ನಲ್ಲಿ ಮೊಟ್ಟೆ ಇರುತ್ತದೆ, ಜೊತೆಗೆ ಹ್ಯಾಮ್ ಅಥವಾ ಹಂದಿ ಚೂರು. ಮೇಲಾಗಿ ಪಕ್ಕದಲ್ಲಿ ಒಂದು ಸೌಟು ಕಪ್ಪು ಗೊಜ್ಜು ಬೇರೆ ಹಾಕಿಕೊಡುತ್ತಾರೆ.

‘ಮಾಂಸ ತೆಗೆದು ಕೊಡಿ’ ಎನ್ನಬಹುದಲ್ವಾ? ಮಾಮೂಲಿ ಜಾಜಾಂಗ್‌ಗೆ ಆಗುವುದಿಲ್ಲ. ಆ ಗೊಜ್ಜನ್ನು ಮೊದಲೇ ದೊಡ್ಡ ಪಾತ್ರೆಯಲ್ಲಿ ಮಾಡಿಟ್ಟಿರುತ್ತಾರೆ. ನಮ್ಮ ಹೋಟೆಲ್‌ನಲ್ಲಿ ಸಾಂಬಾರಿನಿಂದ ಈರುಳ್ಳಿ ತೆಗೆದುಕೊಡಿ ಎಂದ ಹಾಗೆ. ‘ಗಾನ್‌ಜಾಜಾಂಗ್’ ಎಂಬ ಇನ್ನೊಂದು ಬಗೆ ಇದೆ. ಅದನ್ನು ನೀವು ಹೇಳಿದ ಮೇಲೆಯೇ ಬಾಣಲೆಯಲ್ಲಿ ಹೊಸದಾಗಿ ಹುರಿಯುತ್ತಾರೆ. ಮಾಂಸ ಬಿಡಿ ಎಂದು ಕೇಳಲು ಜಾಗ ಇರುವುದು ಅದೊಂದರಲ್ಲೇ. ‘ಗೋಗಿ ಪ್ಪೇ ಜುಸೆಯೊ’ ಎಂದರೆ ಮಾಂಸ ತೆಗೆದು ಕೊಡಿ.

ಇಲ್ಲೂ ಒಂದು ಗುಂಡಿ ಇದೆ. ‘ಗೋಗಿ’ ಎಂದರೆ ಕೊರಿಯನ್ನರಿಗೆ ಮಾಂಸದ ತುಂಡು. ಮೀನು, ಸಿಗಡಿ ಅದರಲ್ಲಿ ಬರುವುದಿಲ್ಲ, ಹ್ಯಾಮ್ ಕೂಡ ಕೆಲವರ ಲೆಕ್ಕದಲ್ಲಿ ಬರುವುದಿಲ್ಲ. ಸಮುದ್ರದ್ದೂ ಬೇಡ ಎಂದರೆ ‘ಹೆಮುಲ್’ ಎಂಬ ಪದವನ್ನೂ ಸೇರಿಸಿ. ಮೊಟ್ಟೆಗೆ ‘ಗೆರಾನ್’. ಬಾಯಲ್ಲಿ ಹೇಳುವುದಕ್ಕಿಂತ ಪಪಾಗೊದಲ್ಲಿ ಕನಿಷ್ಠ ನಾಲ್ಕು ಸಾಲು ಬರೆದು ಫೋನನ್ನೇ ಕೈಗೆ ಕೊಡಿ: ಹಂದಿ, ದನ, ಕೋಳಿ, ಸಮುದ್ರದ್ದು ಎಂದು ಒಂದೊಂದಾಗಿ.

ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೆ ನೇರವಾಗಿ ಹೇಳುತ್ತೇನೆ: ಈ ಹೋಟೆಲ್ ನಿಮಗಲ್ಲ. ಗಾನ್‌ಜಾಜಾಂಗ್‌ನಲ್ಲಿ ಮಾಂಸ ಬಿಟ್ಟರೂ ಗೊಜ್ಜಿಗೆ ಹಾಕುವ ಕಪ್ಪು ಪೇಸ್ಟನ್ನು ಹಂದಿ ಕೊಬ್ಬಿನಲ್ಲಿ ಹುರಿದಿರಬಹುದು, ಅದೇ ಬಾಣಲೆ, ಅದೇ ಸೌಟು. ಪಕ್ಕದಲ್ಲಿ ಬರುವ ಕಿಮ್ಚಿಯಲ್ಲೂ ಸಾಮಾನ್ಯವಾಗಿ ಮೀನಿನ ಅಂಶ ಇರುತ್ತದೆ. ಬೌದ್ಧ ಮಠದ ಅಡುಗೆಯ ಹೋಟೆಲ್‌ಗಳು ಬೇರೆ ಇವೆ, ಅಲ್ಲಿಗೆ ಹೋಗಿ. ಸ್ನೇಹಿತರ ಜೊತೆ ಬರಲೇಬೇಕಾದರೆ ಮುಂಚೆ ಏನಾದರೂ ತಿಂದು ಬನ್ನಿ, ಹಳದಿ ಮೂಲಂಗಿ ಕಡಿಯುತ್ತಾ ಹರಟೆ ಹೊಡೆಯಬಹುದು.

ಇನ್ನೊಂದು ಉಪಾಯ. ಕೊರಿಯಾದ ಹೋಟೆಲ್‌ಗಳು ಮಾಂಸ, ಅಕ್ಕಿ, ಕಿಮ್ಚಿ ಯಾವ ದೇಶದ್ದು ಎಂದು ಬೋರ್ಡ್ ಹಾಕಲೇಬೇಕು. ಗೋಡೆಯ ಮೇಲೆ ಎಲ್ಲೋ ಒಂದು ಪಟ್ಟಿ ಇರುತ್ತದೆ. ಕ್ಯಾಮೆರಾ ಹಿಡಿದರೆ ಅಡುಗೆಮನೆಯೊಳಗೆ ಏನೇನಿದೆ ಎಂಬ ಅಂದಾಜು ಸಿಗುತ್ತದೆ.

ಅಲರ್ಜಿ ಇದ್ದವರಿಗೆ: ನೂಡಲ್ಸ್ ಗೋಧಿಯದು. ಕಪ್ಪು ಪೇಸ್ಟ್ ‘ಚುನ್‌ಜಾಂಗ್’ ಕೂಡ ಸೋಯಾ ಮತ್ತು ಗೋಧಿಯಿಂದ ಮಾಡಿದ್ದು. ಗೋಧಿ ಆಗದವರು ಗೊಜ್ಜಿಗೆ ಅನ್ನ ಹಾಕಿಸಿಕೊಂಡರೂ ತಪ್ಪಿಸಿಕೊಳ್ಳಲಾಗುವುದಿಲ್ಲ.

ಹಂತ 4: ಮೆನು ಓದುವುದು

ಮೆನು ಎರಡು ಭಾಗವಾಗಿರುತ್ತದೆ. ‘ಶಿಕ್ಸಾ’ ಎಂದರೆ ಒಬ್ಬರಿಗೆ ಒಂದರಂತೆ ಬರುವ ನೂಡಲ್ಸ್, ಅನ್ನ. ‘ಯೊರಿ’ ಎಂದರೆ ನಡುವೆ ಇಟ್ಟು ಹಂಚಿಕೊಳ್ಳುವ ದೊಡ್ಡ ತಟ್ಟೆ. ಇದು ಗೊತ್ತಿಲ್ಲದೆ ಇಬ್ಬರು ಹೋಗಿ ನಾಲ್ಕು ಯೊರಿ ತರಿಸಿ, ಪಾರ್ಸೆಲ್ ಹೊತ್ತು ಮನೆಗೆ ಬಂದವರಿದ್ದಾರೆ.

ನೂಡಲ್ಸ್‌ನಲ್ಲಿ ನೆನಪಿಡಬೇಕಾದ ಹೆಸರುಗಳು ಇಷ್ಟು.

ಜಾಜಾಂಗ್‌ಮ್ಯೊನ್ ಮಾಮೂಲಿ ಕಪ್ಪು ನೂಡಲ್ಸ್, ಖಾರ ಇಲ್ಲ, ಸ್ವಲ್ಪ ಸಿಹಿ. ಗಾನ್‌ಜಾಜಾಂಗ್‌ನಲ್ಲಿ ಗೊಜ್ಜು ಬೇರೆ ಬಟ್ಟಲಲ್ಲಿ ಬರುತ್ತದೆ. ನೀರು, ಗಂಜಿ ಹಿಟ್ಟು (ಸ್ಟಾರ್ಚ್) ಹಾಕದೆ ಹುರಿದದ್ದು, ಈರುಳ್ಳಿ ಕರುಂ ಎನ್ನುತ್ತದೆ. ಬುಸಾನ್ ಕಡೆ ಮೇಲೊಂದು ಹುರಿದ ಮೊಟ್ಟೆ ಕೂರಿಸುತ್ತಾರೆ. ಕೆಲವು ಹೋಟೆಲ್‌ಗಳು ಇದನ್ನು ಕನಿಷ್ಠ ಇಬ್ಬರಿಗೆ ಎಂದೇ ಕೊಡುತ್ತವೆ, ಮೆನುವಿನಲ್ಲಿ ಪಕ್ಕದಲ್ಲೇ ಬರೆದಿರುತ್ತದೆ. ‘ಯುನಿ’ ಎಂದಿದ್ದರೆ ಮಾಂಸ ಕೈಮಾ ಮಾಡಿದ್ದು. ‘ಸಾಮ್ಸೊನ್’ ಎಂದಿದ್ದರೆ ಸಮುದ್ರದ್ದು ಸೇರಿದೆ, ಬೆಲೆಯೂ ಜಾಸ್ತಿ. ‘ಜೆಂಗ್‌ಬಾನ್’ ಎಂದರೆ ದೊಡ್ಡ ತಟ್ಟೆಯಲ್ಲಿ ನೂಡಲ್ಸನ್ನೂ ಸೇರಿಸಿ ಹುರಿದದ್ದು, ಇಬ್ಬರಿಗೆ.

ಜಾಂಪ್ಪೊಂಗ್ ಕೆಂಪು ಖಾರದ ಸಾರಿನ ನೂಡಲ್ಸ್. ಖಾರವೇ ಬೇಡ ಎಂದರೆ ‘ಉದೊಂಗ್’ ಅಥವಾ ‘ಉಲ್ಮ್ಯೊನ್’ ಕೇಳಿ. ಮಕ್ಕಳಿಗೆ ಅದು ಸರಿ.

ಜಾಜಾಂಗ್ ಬೇಕೋ ಜಾಂಪ್ಪೊಂಗ್ ಬೇಕೋ ಎಂದು ತಲೆ ಕೆಡಿಸಿಕೊಳ್ಳುವುದು ಕೊರಿಯನ್ನರಿಗೂ ಇದ್ದದ್ದೇ. ಅದಕ್ಕೇ ನಡುವೆ ಗೋಡೆ ಇರುವ ಬಟ್ಟಲು ಮಾಡಿ ‘ಜಾಮ್‌ಜಾಮ್ಯೊನ್’ ಎಂದು ಎರಡನ್ನೂ ಅರ್ಧರ್ಧ ಕೊಡುತ್ತಾರೆ. ಒಂಟಿಯಾಗಿ ಹೋದ ಹೊಸಬರಿಗೆ ಇದಕ್ಕಿಂತ ಒಳ್ಳೆಯದಿಲ್ಲ.

‘ಗೊಪ್ಪೇಗಿ’ ಎಂದರೆ ದೊಡ್ಡ ಬಟ್ಟಲು. ಸಾವಿರವೋ ಸಾವಿರದೈನೂರೋ ವೊನ್ ಜಾಸ್ತಿ ಅಷ್ಟೇ ಎಂದು ಆಸೆ ಬೀಳಬೇಡಿ. ಮಾಮೂಲಿ ಬಟ್ಟಲೇ ಹೊಟ್ಟೆ ಬಿರಿಯುವಷ್ಟಿರುತ್ತದೆ.

ಹಂತ 5: ಆರ್ಡರ್ ಹೇಳುವುದು

ನಾಲ್ಕು ಜನಕ್ಕೆ ನಾಲ್ಕು ನೂಡಲ್ಸ್, ಒಂದು ಟಾಂಗ್‌ಸುಯುಕ್. ಇಬ್ಬರಿಗೆ ಒಂದು ಜಾಜಾಂಗ್, ಒಂದು ಜಾಂಪ್ಪೊಂಗ್, ಸಣ್ಣ ಟಾಂಗ್‌ಸುಯುಕ್. ಲೆಕ್ಕ ಇಷ್ಟೇ. ತಟ್ಟೆಯ ಅಳತೆಗೆ ಸೊ, ಜುಂಗ್, ದೇ ಎನ್ನುತ್ತಾರೆ: ಸಣ್ಣದು, ಮಧ್ಯಮ, ದೊಡ್ಡದು. ಇದೇ ಜೋಡಿ ಬಹಳ ಕಡೆ ಸೆಟ್ ಆಗಿ ಸ್ವಲ್ಪ ಕಡಿಮೆ ಬೆಲೆಗೆ ಸಿಗುತ್ತದೆ. ಬಿಡಿಬಿಡಿಯಾಗಿ ಹೇಳುವ ಮುಂಚೆ ಸೆಟ್ ಪಟ್ಟಿ ನೋಡಿ.

ಎಲ್ಲರೂ ಏನು ಬೇಕೆಂದು ತೀರ್ಮಾನಿಸಿದ ಮೇಲೆಯೇ ಕರೆಯಿರಿ. ಹೇಳುವ ಧಾಟಿ: ‘ಜಾಜಾಂಗ್‌ಮ್ಯೊನ್ ಹಾನಾ, ಜಾಂಪ್ಪೊಂಗ್ ಹಾನಾ, ಟಾಂಗ್‌ಸುಯುಕ್ ಸೊ ಹಾನಾ ಜುಸೆಯೊ.’ ಹಾನಾ ಒಂದು, ದುಲ್ ಎರಡು, ಸೆತ್ ಮೂರು. ಜುಸೆಯೊ ಎಂದರೆ ಕೊಡಿ.

ಇದೇ ಉಸಿರಿನಲ್ಲಿ ಮೂರು ಮಾತು ಸೇರಿಸಬೇಕು, ಆಮೇಲೆ ಹೇಳಿದರೆ ಪ್ರಯೋಜನವಿಲ್ಲ. ‘ಸೊಸು ತಾರೊ’ ಎಂದರೆ ಟಾಂಗ್‌ಸುಯುಕ್‌ನ ರಸ ಬೇರೆ ಕೊಡಿ. ‘ದೊಲ್ ಮೆಪ್ಕೆ’ ಎಂದರೆ ಖಾರ ಕಡಿಮೆ. ‘ಆಪ್‌ಚಿಮಾ’ ಎಂದರೆ ಏಪ್ರನ್, ಬಹಳ ಕಡೆ ಸುಮ್ನೆ ಕೊಡುತ್ತಾರೆ.

ಟೇಬಲ್ ಮೇಲೆ ಟ್ಯಾಬ್ಲೆಟ್ ಇದ್ದರೆ ಮೂಲೆಯಲ್ಲಿ ಭಾಷೆ ಬದಲಿಸುವ ಗುಂಡಿ ಹುಡುಕಿ. ಕೆಲವದರಲ್ಲಿ ಒತ್ತಿದ ತಕ್ಷಣ ಆರ್ಡರ್ ಹೋಗಿಬಿಡುತ್ತದೆ, ಎಣಿಕೆ ಎರಡು ಸಲ ನೋಡಿ.

ಹಂತ 6: ಕಾಯುವ ಆ ಹತ್ತು ನಿಮಿಷ

ಹತ್ತು ನಿಮಿಷ ಕೂಡ ಆಗಲಿಕ್ಕಿಲ್ಲ, ಇಲ್ಲಿ ಅಡುಗೆ ಬೇಗ ಬರುತ್ತದೆ. ಅದಕ್ಕೆ ಮುಂಚೆ ಪುಟ್ಟ ತಟ್ಟೆಗಳು ಬರುತ್ತವೆ: ಹಳದಿ ಮೂಲಂಗಿ ಉಪ್ಪಿನಕಾಯಿ ‘ದಾನ್‌ಮುಜಿ’, ಹಸಿ ಈರುಳ್ಳಿ, ಒಂದು ಚಮಚದಷ್ಟು ಕಪ್ಪು ಪೇಸ್ಟ್. ಮೂಲಂಗಿಯ ಬಣ್ಣ ನೋಡಿ ಹೆದರಬೇಡಿ, ಅದು ಇರುವುದೇ ಹಾಗೆ.

ನಾನು ಮೊದಲ ಸಲ ಆ ಕಪ್ಪು ಪೇಸ್ಟನ್ನು ಚಟ್ನಿ ಎಂದುಕೊಂಡು ಕಡ್ಡಿಯ ತುದಿಯಲ್ಲಿ ದೊಡ್ಡದಾಗಿ ಎತ್ತಿ ಬಾಯಿಗಿಟ್ಟೆ. ಕಣ್ಣಲ್ಲಿ ನೀರು. ಅದು ಹುರಿಯದ ಚುನ್‌ಜಾಂಗ್, ಉಪ್ಪೋ ಉಪ್ಪು. ಈರುಳ್ಳಿಯ ಅಂಚನ್ನು ಅದಕ್ಕೆ ಮುಟ್ಟಿಸಿದರೆ ಸಾಕು, ಅದ್ದಬಾರದು. ಮೂಲಂಗಿ, ಈರುಳ್ಳಿ ಮೇಲೆ ನಾಲ್ಕು ಹನಿ ವಿನೆಗರ್ ಬಿಟ್ಟುಕೊಳ್ಳುವವರೂ ಇದ್ದಾರೆ, ಚೆನ್ನಾಗಿರುತ್ತದೆ. ಎರಡನೇ ಸಲಕ್ಕೆ ದುಡ್ಡಿಲ್ಲ, ಕೆಲವು ಕಡೆ ನೀವೇ ಎದ್ದು ಹೋಗಿ ಹಾಕಿಕೊಳ್ಳಬೇಕು.

ಈಗ ಒಂದು ಪುಟ್ಟ ತಟ್ಟೆಯಲ್ಲಿ ಸೋಯಾ ಸಾಸ್, ಸ್ವಲ್ಪ ವಿನೆಗರ್, ಚಿಟಿಕೆ ಮೆಣಸಿನ ಪುಡಿ ಕಲಸಿಡಿ. ಅದು ಟಾಂಗ್‌ಸುಯುಕ್‌ಗೆ. ಕಡ್ಡಿ ಕೈಗೆ ತೆಗೆದುಕೊಳ್ಳಿ, ಏಪ್ರನ್ ಕಟ್ಟಿಕೊಳ್ಳಿ, ಫೋಟೊ ತೆಗೆಯುವವರು ಕ್ಯಾಮೆರಾ ತೆರೆದಿಟ್ಟುಕೊಳ್ಳಿ.

ಹಂತ 7: ಜಾಜಾಂಗ್‌ಮ್ಯೊನ್ ಕಲಸುವುದು

ಬಟ್ಟಲು ಬಂತು. ಬಿಳಿ ನೂಡಲ್ಸ್ ಮೇಲೆ ಕಪ್ಪು ಗೊಜ್ಜು, ಅದರ ಮೇಲೆ ಎಳೆ ಎಳೆಯಾಗಿ ಹೆಚ್ಚಿದ ಸೌತೆಕಾಯಿ ಅಥವಾ ನಾಲ್ಕು ಬಟಾಣಿ. ಫೋಟೊ ಒಂದೇ. ಒಂದು ನಿಮಿಷದೊಳಗೆ ಕಲಸಲು ಶುರು ಮಾಡಿ.

ಒತ್ತು ಶಾವಿಗೆಯನ್ನು ಬಿಸಿಯಲ್ಲೇ ಬಿಡಿಸದೆ ಬಿಟ್ಟರೆ ಏನಾಗುತ್ತದೆ ಗೊತ್ತಲ್ಲ? ಇಲ್ಲೂ ಅದೇ. ಕುದಿಸಿ ಸೋಸಿದ ನೂಡಲ್ಸ್ ನಿಮಿಷ ನಿಮಿಷಕ್ಕೂ ಒಂದಕ್ಕೊಂದು ಅಂಟುತ್ತದೆ. ಒಮ್ಮೆ ನಾನು ವಿಡಿಯೊ ಕಾಲ್‌ನಲ್ಲಿ ಅಮ್ಮನಿಗೆ ತೋರಿಸುತ್ತಾ ಐದು ನಿಮಿಷ ಕಳೆದೆ. ಆಮೇಲೆ ಕಡ್ಡಿ ಹಾಕಿ ಎತ್ತಿದರೆ ಇಡೀ ನೂಡಲ್ಸ್ ಬಟ್ಟಲಿನ ಆಕಾರದಲ್ಲೇ ಎದ್ದು ಬಂತು, ಗೊಜ್ಜು ಟೋಪಿಯ ಹಾಗೆ ಮೇಲೆ ಕೂತಿತ್ತು. ಅಮ್ಮ ಅದನ್ನು ನೋಡಿ ‘ಕತ್ತರಿ ತಗೋ’ ಎಂದರು. ಆ ಸಲಹೆ ತಪ್ಪಲ್ಲ: ಕೊರಿಯಾದಲ್ಲಿ ಕತ್ತರಿ ಊಟದ ಸಾಮಾನೇ, ‘ಗಾವಿ’ ಕೇಳಿದರೆ ಕೊಡುತ್ತಾರೆ.

ಕಲಸುವ ರೀತಿ ಹೀಗೆ.

ಮೊದಲು, ಎರಡು ಕಡ್ಡಿಯನ್ನು ಎರಡು ಕೈಯಲ್ಲಿ ಒಂದೊಂದಾಗಿ ಹಿಡಿಯಿರಿ. ತಿನ್ನುವ ಹಾಗೆ ಒಂದೇ ಕೈಯಲ್ಲಿ ಹಿಡಿದರೆ ಬಲ ಸಾಲುವುದಿಲ್ಲ.

ಎರಡನೆಯದಾಗಿ, ಕಡ್ಡಿಗಳನ್ನು ಬಟ್ಟಲಿನ ಅಂಚಿನಿಂದ ತಳದವರೆಗೆ ಇಳಿಸಿ, ಕೆಳಗಿನ ನೂಡಲ್ಸನ್ನು ಮೇಲಕ್ಕೆ ಎತ್ತಿ, ಎರಡು ಕಡೆಗೆ ಬಿಡಿಸಿ. ಗೊಜ್ಜು ತಾನಾಗಿ ಸಂದಿಗಳಲ್ಲಿ ಇಳಿಯುತ್ತದೆ. ಸುತ್ತ ತಿರುಗಿಸಬೇಡಿ. ತಿರುಗಿಸಿದರೆ ಹಗ್ಗ ಹೊಸೆದ ಹಾಗೆ ಸುತ್ತಿಕೊಳ್ಳುತ್ತದೆ, ಒಳಗೆ ಬಿಳಿಯಾಗಿಯೇ ಉಳಿಯುತ್ತದೆ.

ಮೂರನೆಯದಾಗಿ, ತಳದಲ್ಲಿ ಬಿಳಿ ಎಳೆ ಕಾಣದಂತಾಗುವವರೆಗೆ ಮುಂದುವರಿಸಿ. ಇಪ್ಪತ್ತು ಮೂವತ್ತು ಸಲ ಎತ್ತಿ ಬಿಡಬೇಕಾಗುತ್ತದೆ. ಎಲ್ಲ ಎಳೆಯೂ ಒಂದೇ ಕಂದುಗಪ್ಪು ಬಣ್ಣಕ್ಕೆ ಬಂದು ಹೊಳೆದರೆ ಆಯಿತು.

ಗಾನ್‌ಜಾಜಾಂಗ್ ಆದರೆ ಗೊಜ್ಜನ್ನು ಒಮ್ಮೆಗೇ ಸುರಿಯಬೇಡಿ. ಮುಕ್ಕಾಲು ಭಾಗ ಹಾಕಿ ಕಲಸಿ, ರುಚಿ ನೋಡಿ, ಆಮೇಲೆ ಉಳಿದದ್ದು. ಅದರಲ್ಲಿ ಉಪ್ಪು ಹೆಚ್ಚಿರುವುದುಂಟು.

ಈಗ ಆ ‘ಕೊನೆಗೆ ನೀರಾಯ್ತು’ ದೂರು. ಮಾಮೂಲಿ ಗೊಜ್ಜು ಗಟ್ಟಿಯಾಗಿರುವುದು ಗಂಜಿ ಹಿಟ್ಟಿನಿಂದ. ನಮ್ಮ ಜೊಲ್ಲಿನಲ್ಲಿ ಅಮೈಲೇಸ್ ಎಂಬ ಕಿಣ್ವ ಇದೆ, ಅದರ ಕೆಲಸವೇ ಗಂಜಿಯನ್ನು ಒಡೆಯುವುದು. ಕಡ್ಡಿ ಬಾಯಿಗೆ, ಬಾಯಿಂದ ಬಟ್ಟಲಿಗೆ ಹೋಗುತ್ತಾ ಬರುತ್ತಾ ಇದ್ದಂತೆ, ಕಚ್ಚಿ ಬಿಟ್ಟ ಎಳೆ ಮತ್ತೆ ಬಟ್ಟಲಿಗೆ ಬಿದ್ದಂತೆ ಗೊಜ್ಜು ತೆಳ್ಳಗಾಗುತ್ತದೆ. ಹಾಳಾಗಿದ್ದಲ್ಲ, ಯಾರೂ ನೀರು ಬೆರೆಸಿದ್ದೂ ಅಲ್ಲ. ತಪ್ಪಿಸಬೇಕೆಂದರೆ ಬಾಯಿಗೆ ಹಿಡಿಸುವಷ್ಟೇ ಎತ್ತಿ, ಅರ್ಧ ಕಚ್ಚಿ ಬಿಡಬೇಡಿ, ಬೇಗ ತಿಂದು ಮುಗಿಸಿ. ಗಾನ್‌ಜಾಜಾಂಗ್‌ನಲ್ಲಿ ಗಂಜಿ ಹಿಟ್ಟು ಇಲ್ಲದ್ದರಿಂದ ಈ ತೊಂದರೆ ಅಷ್ಟಾಗಿ ಇಲ್ಲ.

ಸಪ್ಪೆ ಅನ್ನಿಸಿದರೆ ಟೇಬಲ್ ಮೇಲಿನ ಮೆಣಸಿನ ಪುಡಿ ಉದುರಿಸಿ. ನಮ್ಮ ನಾಲಿಗೆಗೆ ಅದು ಬೇಕೇಬೇಕು. ಆದರೆ ಮೊದಲ ನಾಲ್ಕು ತುತ್ತು ಹಾಗೇ ತಿನ್ನಿ. ಗೊಜ್ಜು ಉಳಿದರೆ ಒಂದು ಪುಟ್ಟ ಬಟ್ಟಲು ಅನ್ನ, ‘ಗೊಂಗಿಬಾಪ್’, ತರಿಸಿ ಕಲಸಿಕೊಳ್ಳಬಹುದು. ನನ್ನ ಪಾಲಿಗೆ ಊಟದ ಅತ್ಯುತ್ತಮ ಭಾಗ ಅದೇ.

ಎಚ್ಚರಿಕೆ: ಗೊಜ್ಜು ಸುಟ್ಟ ಕಹಿ ಬರುತ್ತಿದ್ದರೆ ಪೇಸ್ಟ್ ಸೀದು ಹೋಗಿದೆ ಎಂದರ್ಥ. ನೂಡಲ್ಸ್ ಬರುವಾಗಲೇ ಉಬ್ಬಿ, ಕಡ್ಡಿಯಲ್ಲಿ ಎತ್ತಿದರೆ ತುಂಡಾಗುತ್ತಿದ್ದರೆ ಅದು ಮುಂಚೆಯೇ ಬೆಂದು ಕೂತಿದ್ದದ್ದು. ಎರಡಕ್ಕೂ ಮೆಣಸಿನ ಪುಡಿ ಮದ್ದಲ್ಲ, ಮುಂದಿನ ಸಲ ಬೇರೆ ಹೋಟೆಲ್ ನೋಡಿ.

ಹಂತ 8: ಜಾಂಪ್ಪೊಂಗ್ ತಿನ್ನುವುದು

ಇಲ್ಲಿ ಮೊದಲು ಚಿಪ್ಪಿನ ಕೆಲಸ. ಖಾಲಿ ಬಟ್ಟಲು ಕೇಳಿ ಇಟ್ಟುಕೊಂಡು, ಪಚ್ಚಿಲೆಯ ಒಳಗಿನದ್ದನ್ನು ಕಡ್ಡಿಯಲ್ಲಿ ಎಳೆದು ಸಾರಿಗೆ ಬಿಟ್ಟು, ಚಿಪ್ಪುಗಳನ್ನು ಆಚೆ ಹಾಕಿ. ಮಂಗಳೂರು ಕಡೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಬೆಂದರೂ ಬಾಯಿ ಬಿಡದೆ ಮುಚ್ಚಿಕೊಂಡೇ ಇರುವ ಚಿಪ್ಪನ್ನು ಒಡೆದು ತಿನ್ನಲು ಹೋಗಬೇಡಿ. ಕೆಟ್ಟ ವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿ, ಹೋಟೆಲ್‌ನವರಿಗೆ ತೋರಿಸಿ.

ಎರಡನೆಯದು, ಮೊದಲ ತುತ್ತನ್ನು ಸುರ್ರನೆ ಎಳೆಯಬೇಡಿ. ಸಾರಿನ ಮೇಲೆ ಕೆಂಪೆಣ್ಣೆ ತೇಲುತ್ತಿರುತ್ತದೆ, ಬಿಸಿ ಹಬೆಯ ಜೊತೆ ಖಾರ ಗಂಟಲಿಗೆ ಬಡಿದರೆ ಕೆಮ್ಮು ನಿಲ್ಲುವುದಿಲ್ಲ. ‘ನಾವು ಆಂಧ್ರ ಗಡಿಯವರು, ನಮಗೇನು ಖಾರ’ ಎಂದ ಬಳ್ಳಾರಿಯ ಗೆಳೆಯನೊಬ್ಬ ಹೀಗೇ ಎಳೆದು ಎದ್ದು ಹೊರಗೆ ಓಡಿದ್ದ. ಖಾರ ಅವನಿಗೆ ಲೆಕ್ಕವಿರಲಿಲ್ಲ, ಹಬೆ ಹಿಡಿದಿತ್ತು. ಚಮಚದಲ್ಲಿ ಎರಡು ಸಲ ಸಾರು ಗುಟುಕರಿಸಿ, ಆಮೇಲೆ ನೂಡಲ್ಸ್.

ಸಾರನ್ನು ಪೂರ್ತಿ ಕುಡಿಯಲೇಬೇಕೆಂದಿಲ್ಲ. ಕೊರಿಯಾದ ಆಹಾರ ಸುರಕ್ಷತಾ ಇಲಾಖೆಯ ಲೆಕ್ಕದಲ್ಲಿ ಒಂದು ಬಟ್ಟಲು ಜಾಂಪ್ಪೊಂಗ್‌ನಲ್ಲಿ ಸುಮಾರು 4,000 ಮಿಲಿಗ್ರಾಂ ಸೋಡಿಯಂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳುವುದೇ 2,000. ಬಿಪಿ ಇರುವವರು ನೂಡಲ್ಸ್, ತರಕಾರಿ ಎತ್ತಿ ತಿಂದು ಸಾರನ್ನು ಅಲ್ಲೇ ಬಿಡಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಹಂತ 9: ಟಾಂಗ್‌ಸುಯುಕ್

ಕರಿದ ತುಂಡುಗಳ ಮೇಲೆ ಹುಳಿಸಿಹಿ ರಸ ಸುರಿಯಬೇಕೋ, ರಸಕ್ಕೆ ಅದ್ದಿ ತಿನ್ನಬೇಕೋ? ಕೊರಿಯನ್ನರು ಇದರ ಮೇಲೆ ಸಾಲು ಸಾಲು ವಾದ ಮಾಡುತ್ತಾರೆ. ಸುರಿಯುವುದಕ್ಕೆ ‘ಬುಮೊಕ್’, ಅದ್ದುವುದಕ್ಕೆ ‘ಜಿಕ್‌ಮೊಕ್’ ಎಂದು ಹೆಸರೂ ಇಟ್ಟಿದ್ದಾರೆ. ನೀವು ಯಾವ ಪಕ್ಷದವರಾದರೂ ಸರಿ, ಪಕ್ಕದವರನ್ನು ಕೇಳದೆ ರಸ ಸುರಿಯಬೇಡಿ. ಹೊಸ ಆಫೀಸಿನ ಮೊದಲ ಊಟದಲ್ಲಿ ಈ ತಪ್ಪು ಮಾಡಿದರೆ ಆರು ತಿಂಗಳು ಆಡಿಕೊಳ್ಳುತ್ತಾರೆ.

ರಸದಲ್ಲೂ ಗಂಜಿ ಹಿಟ್ಟಿದೆ, ಬಿಸಿ ಬೇಗ ಆರುವುದಿಲ್ಲ. ನಾಲಿಗೆ ಸುಟ್ಟುಕೊಳ್ಳುವವರು ಇಲ್ಲೇ ಜಾಸ್ತಿ. ಒಂದು ತುಂಡು ಎತ್ತಿ, ರಸಕ್ಕೆ ಅದ್ದಿ, ಮೊದಲೇ ಕಲಸಿಟ್ಟ ಸೋಯಾ ತಟ್ಟೆಗೆ ಒಂದು ಮೂಲೆ ತಾಗಿಸಿ, ಊದಿ ತಿನ್ನಿ.

ಇನ್ನೊಂದು ಮಾತು. ಟಾಂಗ್‌ಸುಯುಕ್ ಮತ್ತು ನೂಡಲ್ಸ್ ಒಟ್ಟಿಗೆ ಬಂದರೆ ನೂಡಲ್ಸ್ ಕಲಸಿಯೇ ಟಾಂಗ್‌ಸುಯುಕ್‌ಗೆ ಕೈ ಹಾಕಿ. ಕರಿದದ್ದು ಐದು ನಿಮಿಷ ಕಾದೀತು. ಯೊರಿ ಜಾಸ್ತಿ ತರಿಸಿದ್ದರೆ ನೂಡಲ್ಸನ್ನು ಕೊನೆಗೆ ತನ್ನಿ ಎಂದು ಆರ್ಡರ್ ಹೇಳುವಾಗಲೇ ತಿಳಿಸಿ.

ಬಾಸ್ ಅಥವಾ ಹಿರಿಯರ ಜೊತೆ ಹೋಗಿದ್ದರೆ ಅವರು ತಿನ್ನಲು ಶುರು ಮಾಡುವವರೆಗೆ ಕಾಯಬೇಕು. ಆದರೆ ಕಲಸಲು ಯಾರ ಅಪ್ಪಣೆಯೂ ಬೇಡ. ಅನ್ನದ ಬಟ್ಟಲಲ್ಲಿ ಕಡ್ಡಿ ನೆಟ್ಟಗೆ ಚುಚ್ಚಿ ನಿಲ್ಲಿಸಬೇಡಿ, ಅದು ಸತ್ತವರಿಗೆ ಎಡೆ ಇಡುವ ರೀತಿ.

ಹಂತ 10: ಬಿಲ್

ಬಿಲ್ ಟೇಬಲ್‌ಗೆ ಬರುವುದಿಲ್ಲ. ಎದ್ದು ಬಾಗಿಲ ಹತ್ತಿರದ ಕೌಂಟರ್‌ಗೆ ಹೋಗಿ ಕೊಡಬೇಕು. ಟಿಪ್ಸ್ ಇಲ್ಲ, ಇಟ್ಟು ಬಂದರೆ ಮರೆತು ಹೋದಿರಿ ಎಂದು ಹಿಂದೆ ಓಡಿ ಬರುತ್ತಾರೆ. ಹೊರಡುವಾಗ ‘ಚಾಲ್ ಮೊಗೊಸ್ಸುಮ್ನಿದಾ’, ಚೆನ್ನಾಗಿ ಊಟ ಮಾಡಿದೆ ಎನ್ನಿ.

ರೂಮಿಗೆ ತರಿಸಿಕೊಂಡರೆ

ದೂರದಿಂದ ತರಿಸಬೇಡಿ, ಹತ್ತಿರದ ಹೋಟೆಲ್ ಆರಿಸಿ. ದಾರಿಯಲ್ಲಿ ನೂಡಲ್ಸ್ ಉಬ್ಬುತ್ತದೆ. ಗೊಜ್ಜು ಬೇರೆ ಬರುವ ಗಾನ್‌ಜಾಜಾಂಗ್, ಇಲ್ಲವೇ ಫ್ರೈಡ್ ರೈಸ್ ‘ಬೊಕ್ಕುಂಬಾಪ್’ ತರಿಸುವುದು ಜಾಣತನ. ನೂಡಲ್ಸ್ ಗಟ್ಟಿಯಾಗಿ ಬಂದಿದ್ದರೆ ಎರಡು ಚಮಚ ಬಿಸಿನೀರು ಹಾಕಿ ಮೊದಲು ಎಳೆ ಬಿಡಿಸಿ, ಆಮೇಲೆ ಗೊಜ್ಜು ಸುರಿಯಿರಿ. ಬಟ್ಟಲ ಮೇಲಿನ ಬಿಗಿಯಾದ ಪ್ಲಾಸ್ಟಿಕ್ ಹಾಳೆಯನ್ನು ಉಗುರಿನಲ್ಲಿ ಕೀಳಲು ಹೋದರೆ ಗೊಜ್ಜು ಗೋಡೆಗೆ ಹಾರುತ್ತದೆ. ಮರದ ಕಡ್ಡಿಯನ್ನು ಅಂಚಿನ ಉದ್ದಕ್ಕೂ ಉಜ್ಜಿದರೆ ಹಾಳೆ ತಾನಾಗಿ ಕತ್ತರಿಸಿಕೊಳ್ಳುತ್ತದೆ.

ಕೆಲವು ಹಳೇ ಹೋಟೆಲ್‌ಗಳು ಇವತ್ತಿಗೂ ತಮ್ಮದೇ ಬಟ್ಟಲಲ್ಲಿ ಕಳಿಸುತ್ತವೆ. ತಿಂದಾದ ಮೇಲೆ ಅದನ್ನು ಚೀಲದಲ್ಲಿ ಸುತ್ತಿ ಬಾಗಿಲ ಹೊರಗಿಡಿ, ಬಂದು ತೆಗೆದುಕೊಂಡು ಹೋಗುತ್ತಾರೆ. ಚೆನ್ನಾಗಿದೆ ಎಂದು ತೊಳೆದು ಅಡುಗೆಮನೆಯ ಶೆಲ್ಫಿನಲ್ಲಿ ಜೋಡಿಸಿಟ್ಟ ರೂಮ್‌ಮೇಟ್ ಒಬ್ಬ ನನಗಿದ್ದ. ಮೂರನೇ ದಿನ ಹೋಟೆಲ್‌ನವರು ಬಂದು ಬಾಗಿಲು ತಟ್ಟಿದರು.